ಬೂಟು ಹಾಕಿಸಿದ ಮೆಕ್ಯಾನಿಕ್

ಆವತ್ತು ತೊಗರಿಬೇಳೆ ಆರಿಸುತ್ತ ಕೂತಿದ್ದೆ. ಮಗಳು ಓಡಿ ಬಂದು, "ಯವ್ವಾ, ಅಪ್ಪ ಮತ್ತ ಹಳೇ ಗಾಡಿಗಿ ಕಿಕ್ ಹೊಡ್ಯಾಕತ್ತಾನ" ಎಂದಳು. ಮೊರ ಬಿಟ್ಟು ಅಂಗಳಕ್ಕೆ ಓಡಿದೆ. ಹಿಂದಿನ ದಸರೆಯಲ್ಲಿ ಆ ಮೋಟರ್‌ಸೈಕಲ್ಲಿಗೆ ಪೂಜೆ ಮಾಡಿದ ಮೇಲೆ, ಅದಕ್ಕೆ ಚಪ್ಪಲಿ ತಾಗಿಸಬಾರದೆಂದು ನಮ್ಮ ಮನೆಯವರು ಬರಿಗಾಲಲ್ಲಿ ಒದ್ದಿದ್ದರು. ಕಿಕ್ಕರ್ ತಿರುಗಿ ಹೊಡೆದು ಪಾದದ ಎಲುಬು ಮುರಿದಿತ್ತು. ಇನ್ನೊಂದು ಪೆಟ್ಟು ಬಿದ್ದರೆ ಜೀವನವಿಡೀ ಕುಂಟಬೇಕೆಂದು ಡಾಕ್ಟರು ಹೇಳಿದ್ದರು.

ಈ ಸಲ ಪಕ್ಕದಲ್ಲಿ ಚಿತ್ತಾಪುರದ ಮೆಕ್ಯಾನಿಕ್ ನಿಂತಿದ್ದರು. ಹೆಗಲ ಮೇಲಿನ ಅರಿವೆಗೆ ಕೈ ಒರೆಸಿಕೊಳ್ಳದೆ ಅವರು ಮಾತೇ ಆಡುತ್ತಿರಲಿಲ್ಲ.

"ಗಡಬಡ ಬ್ಯಾಡ್ರಿ ಅಣ್ಣಾರ. ಮೊದಲ ಬೂಟು ಹಾಕ್ರಿ."

"ಪೂಜಿ ಮಾಡಿದ ಗಾಡಿಗಿ ಬೂಟುಗಾಲ್ಲೆ ಒದೀಲೇನು?"

"ಕೈ ಮುಗಿಯೋ ಮುಂದ ಬಿಚ್ರಿ, ಒದಿಯೋ ಮುಂದ ಹಾಕ್ರಿ. ದೇವರೇನು ನಿಮ್ಮ ಕಾಲು ಕೇಳ್ಯಾನೇನು?"

ನಾನೇ ಬೂಟು ತಂದುಕೊಟ್ಟೆ, ಮನೆಯವರು ಹಾಕಿಕೊಂಡರು.

ಮೆಕ್ಯಾನಿಕ್ ಮೊದಲು ಕಿಕ್ಕರ್ ಗಟ್ಟಿಯಾಗುವ ತನಕ ಮೆಲ್ಲಗೆ ಒತ್ತಿಸಿದರು. ಎಂಜಿನ್ನಿನ ಒತ್ತಡ ಇಳಿಸುವ, ಹ್ಯಾಂಡಲ್ಲಿನ ಸಣ್ಣ ಲಿವರ್ ಹಿಡಿಸಿ, ಕಿಕ್ಕರನ್ನು ಆ ಬಿಗಿಯಿಂದ ಒಂದಿಷ್ಟು ಕೆಳಗೆ ದಾಟಿಸಿ, ಲಿವರ್, ಕಿಕ್ಕರ್ ಎರಡನ್ನೂ ಬಿಡಿಸಿದರು.

"ಗಡಬಡ ಬ್ಯಾಡ್ರಿ. ಮೊಳಕಾಲು ಸಡ್ಲ ಇರ್ಲಿ. ಈಗ ತಳದ ತನಕ ತುಳೀರಿ, ಅರ್ಧಕ್ಕ ಅಂಜಿ ನಿಲ್ಲಬ್ಯಾಡ್ರಿ."

ನಾನು ಕಣ್ಣು ಮುಚ್ಚಿ ಶಿವನನ್ನು ನೆನೆದೆ. ಒಂದೇ ತುಳಿತಕ್ಕೆ ಗಾಡಿ ಗುಡುಗಿತು. ಮನೆಯವರು ಹುಡುಗನಂತೆ ನಗುತ್ತಿದ್ದರು. ಮೆಕ್ಯಾನಿಕ್ ಎಂಜಿನ್ ಬಂದ್ ಮಾಡಿ, "ಈಗ ನಾ ಇಲ್ಲಂತ ತಿಳ್ಕೊಂಡು ಹೊಡೀರಿ" ಎಂದು ಬೆನ್ನು ತಿರುಗಿಸಿ ನಿಂತರು. ಮತ್ತೆ ಗುಡುಗಿತು. ಅವರು ತಿರುಗಿ ನೋಡುವ ಗೋಜಿಗೇ ಹೋಗಲಿಲ್ಲ.

ಎರಡು ಸಲ ತುಳಿದ ಕಾಲು ನೆಟ್ಟಗೇ ಇತ್ತು. ನನಗೆ ಅಷ್ಟು ಸಾಕಿತ್ತು. ಮನಸ್ಸಿನಲ್ಲೇ ಕೈ ಮುಗಿದು, ಒಳಗೆ ಹೋಗಿ ಎಲ್ಲರಿಗೂ ಚಹಾಕ್ಕೆ ನೀರಿಟ್ಟೆ.