ಸುಮ್ಮನಿರುವ ತರಬೇತಿ

ಫೋನನ್ನು ಒರಗಿಸಿಡಲು ಅಕ್ಕಿಡಬ್ಬಕ್ಕಿಂತ ಪ್ರಶಸ್ತವಾದ ಪೀಠ ಲೋಕದಲ್ಲಿ ಇನ್ನೊಂದಿಲ್ಲ ಎಂಬುದು, ನೀವು ನಕ್ಕರೂ ಸರಿ, ಈ ಇಳಿವಯಸ್ಸಿನಲ್ಲಿ ನಾನು ಮಾಡಿದ ಏಕೈಕ ಸಂಶೋಧನೆ. ದೇವರಪಟಕ್ಕೆ ಒರಗಿಸಿದರೆ ಅಪಚಾರ, ನೀರಿನ ಬಾಟಲಿಗೆ ಒರಗಿಸಿದರೆ ಅಪಘಾತ. ಹೀಗಾಗಿ ಚಂದಾಪುರದ ನಮ್ಮ ಬಾಡಿಗೆ ಮನೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಅಕ್ಕಿಡಬ್ಬ ಅಡುಗೆಮನೆಯಿಂದ ನಡುಮನೆಗೆ ಚಿತ್ತೈಸುತ್ತದೆ. ಅದಕ್ಕೊರಗಿದ ಫೋನಿನೊಳಗಿಂದ ಹುಬ್ಬಳ್ಳಿಯ ಒಬ್ಬ ಮೇಡಂ ನಮ್ಮನ್ನು ನೋಡುತ್ತಾರೆ.

ಮೊಮ್ಮಗಳು ಮಿಂಚುವಿಗೆ ಮೂರು ತುಂಬಿದೆ. ಆಟಿಸಂ ಇದೆ, ಮಾತು ಇನ್ನೂ ಬಂದಿಲ್ಲ. ಮೊದಲು ಥೆರಪಿಗೆಂದು ಊರೊಳಕ್ಕೆ ಕರೆದೊಯ್ಯುತ್ತಿದ್ದೆವು. ಹೊಸೂರು ರಸ್ತೆಯ ಹಾರ್ನುಗಳಿಗೆ ಕಿವಿ ಮುಚ್ಚಿಕೊಂಡು ಅತ್ತೂ ಅತ್ತೂ, ತಲುಪುವಷ್ಟರಲ್ಲಿ ಮಗು ಬಾಡಿದ ಸೊಪ್ಪಾಗಿರುತ್ತಿತ್ತು. ಈಗ ಮೇಡಂ ಫೋನಿನಲ್ಲೇ ಬರುತ್ತಾರೆ. ಕಲಿಸುವುದು ಮಗುವಿಗಲ್ಲ, ನಮಗೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಶಿಫ್ಟ್ ಮುಗಿಸಿ ಬರುವ ನನ್ನ ಮಗಳು ಸುಧಾಳ ಆಸೆ ದೊಡ್ಡದೇನಲ್ಲ. ಹೋದ ತಿಂಗಳು ಮಗು ದಿನವಿಡೀ ಚೀರಿ ಅತ್ತಾಗ, ಅದು ಕಿವಿನೋವೆಂದು ನಮಗೆ ತಿಳಿದದ್ದು ಸಂಜೆ ಡಾಕ್ಟರು ನೋಡಿದ ಮೇಲೆ. "ಮಾತು ಬರ್ದೇ ಇದ್ರೂ ಪರ್ವಾಗಿಲ್ಲಪ್ಪಾ, ಏನ್ ಬೇಕು ಏನ್ ಬೇಡ ಅಂತ ಹೆಂಗಾದ್ರೂ ತಿಳಿಸಿದ್ರೆ ಸಾಕು" ಎಂದು ಅವಳು ಅವತ್ತು ಅತ್ತಿದ್ದಳು.

ಮೇಡಂ ಹೇಳಿದ್ದು ಸರಳ: ಮಾತು ಕಡಿಮೆ ಮಾಡಿ, ಕೊಡುವ ಮುನ್ನ ತಡೆಯಿರಿ, ಮಗು ಕೇಳಲು ಜಾಗ ಬಿಡಿ. ಆದರೆ ನಾವೆಂಥವರು! ಅತಿಥಿ ಬಾಯಿಬಿಟ್ಟು ನೀರು ಕೇಳುವಂತಾದರೆ ಮನೆಯ ಮಾನ ಹೋಯಿತೆಂದು ನಂಬಿದ ಜನ. ಎಲೆ ಖಾಲಿಯಾಗುವ ಮೊದಲೇ ಬಡಿಸುವುದು ಪ್ರೀತಿ, 'ಸಾಕು ಸಾಕು' ಅಂದರೂ ಇನ್ನೊಂದು ಸೌಟು ಸುರಿಯುವುದು ಉಪಚಾರ. ಮಿಂಚು ಕಣ್ಣು ಹೊರಳಿಸುವಷ್ಟರಲ್ಲಿ ಬಿಸ್ಕತ್ತು ಹಿಡಿದು ನಿಂತಿರುತ್ತಿದ್ದೆವು. ಪಾಪ, ಕೇಳುವ ಪ್ರಮೇಯವೇ ಅವಳಿಗೆ ಬರಲಿಲ್ಲ. ಸಾಲದ್ದಕ್ಕೆ ನಾನು ನಿವೃತ್ತ ಕನ್ನಡ ಮೇಷ್ಟ್ರು. ಪ್ರಶ್ನೆ ಕೇಳಿ, ಹುಡುಗರು ಎಂಜಲು ನುಂಗುವಷ್ಟರಲ್ಲಿ ಉತ್ತರವನ್ನೂ ನಾನೇ ಹೇಳಿ, ಗೊತ್ತಾಯ್ತೇನ್ರೋ ಎಂದು ಗದರಿ ಸಂಬಳ ತಿಂದವನು.

ಮೊನ್ನೆ ಮಿಂಚುವಿಗೆ ಪ್ರಿಯವಾದ ಆಟ ನಡೆದಿತ್ತು: ಸ್ಟೀಲ್ ತಟ್ಟೆಯನ್ನು ನೆಲದ ಮೇಲೆ ಗಿರ್ರನೆ ತಿರುಗಿಸುವುದು. ಒಮ್ಮೆ ತಿರುಗಿಸಿ ನಾನು ಕಾಯಬೇಕಿತ್ತು. ತಿರುಗಿಸಿದೆ, ವೀಕ್ಷಕ ವಿವರಣೆಯನ್ನೂ ಶುರುಮಾಡಿದೆ. "ನೋಡು ಪುಟ್ಟಾ, ತಟ್ಟೆ ತಿರುಗ್ತು! ಹೇಳು, ತ-ಟ್ಟೆ!" ಅವಳು ಹತ್ತಿರ ಬಂದು ನನ್ನ ಬಾಯಿ ಮೇಲೆ ಅಂಗೈ ಇಟ್ಟಳು. ಮುದ್ದು ಮಾಡುತ್ತಿದ್ದಾಳೆಂದು ಉಬ್ಬಿಹೋಗಿ, ಅಂಗೈಗೊಂದು ಮುತ್ತು ಕೊಟ್ಟು, ಇಮ್ಮಡಿ ಉತ್ಸಾಹದಿಂದ ಮುಂದುವರಿಸಿದೆ. ಮತ್ತೆ ಅಂಗೈ ಬಂತು, ಈ ಸಲ ಗಟ್ಟಿಯಾಗಿ ಒತ್ತಿ.

"ಅಜ್ಜಾರ, ಸುಮ್ನ ಕುಂದರ್ರಿ," ಎಂದರು ಫೋನಿನಿಂದ ಮೇಡಂ. "ಆಕಿ ನಿಮಗ ಏನೋ ಹೇಳಾಕತ್ತಾಳ್ರಿ."

"ಸಾಕು ಅಂತಿದಾಳೆ ಕಣಪ್ಪಾ! ಸುಮ್ನಿರು ಅಂತಿದಾಳೆ!" ಎಂದಳು ಸುಧಾ. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಅಯ್ಯೋ, ಈ ಮಾತನ್ನು ನನಗೆ ಹೇಳಬೇಕೆಂದು ಎಷ್ಟು ಜನಕ್ಕೆ ಅನ್ನಿಸಿತ್ತೋ. ದಾಕ್ಷಿಣ್ಯಕ್ಕೆ ಬಿದ್ದು ಯಾರೂ ಹೇಳಿರಲಿಲ್ಲ. ಇವಳಾದರೂ ಹೇಳಿದಳಲ್ಲ ಎಂದು ಹಿಗ್ಗಿದೆ. ಹಾಗೆನ್ನಲು ಬಾಯಿ ತೆರೆದವನು ಅಷ್ಟೇ ಬೇಗ ಮುಚ್ಚಿಕೊಂಡೆ.

ತಟ್ಟೆ ಗಡಗಡಿಸಿ ನೆಲಕ್ಕೊರಗಿತು. ಮಿಂಚು ನನ್ನ ಬಾಯಿಂದ ಕೈ ತೆಗೆದಳು. ನನ್ನ ತೋರುಬೆರಳು ಹಿಡಿದೆಳೆದು ತಟ್ಟೆಯ ಅಂಚಿನ ಮೇಲಿಟ್ಟಳು. ಇಟ್ಟು, ನಾನು ಉತ್ತರ ಕೊಡಲೆಂದು ಸುಮ್ಮನೆ ಕಾದಳು.