ಆಚೆ ನಾಲ್ವರು, ಈಚೆ ಒಬ್ಬ

ಎಂಟನೇ ಹೀಟ್‌ನಲ್ಲಿ ಮೂವರು ಮಾಯವಾದರು.

ನಾನು ಕಣ್ಣಾರೆ ಕಂಡದ್ದು ಇದು. ಟ್ರ್ಯಾಕಿನ ಆಚೆ ಬದಿಯಲ್ಲಿ ನಾಲ್ಕು ಬೈಕ್‌ಗಳು ಒಂದರ ಹಿಂದೆ ಒಂದು ಹೋದವು. ತಿರುವು ಮುಗಿಸಿ, ನಾವು ಕುಳಿತಿದ್ದ ಈಚೆ ಬದಿಗೆ ಬಂದಾಗ ಒಂದೇ ಇತ್ತು. ಕೆಂಪು ಹೆಲ್ಮೆಟ್‌ನವನು ಮುಕ್ತಾಯದ ಗೆರೆ ದಾಟಿದ. ನನ್ನ ಕಣ್ಣು ಅವನ ಜೊತೆಗೇ ಹೋಯಿತು. ಉಳಿದವರು ಬರಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಆಚೆ ಬದಿಯಲ್ಲಿ ನಾಲ್ವರೂ ಜನಕ್ಕೆ ಕೈ ಬೀಸುತ್ತಾ ನಿಧಾನವಾಗಿ ಹೋಗುತ್ತಿದ್ದರು.

ತಲೆನೋವು ಶುರುವಾಗಿತ್ತು. ಬಿಸಿಲು, ಧೂಳು, ಬೈಕ್‌ಗಳಿಗೆ ಹಾಕುವ ಮೆಥನಾಲ್ ವಾಸನೆ ಎಂದುಕೊಂಡೆ. ನನ್ನ ಕಣ್ಣಿನ ಮೇಲೆ ನನಗೆ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ಆ ಮೂವರ ಮೇಲೆ. ಗೆರೆ ದಾಟದೆ ಒಳಗಿನ ಹುಲ್ಲಿನ ಮೇಲೆ ಹಾದುಹೋಗಿ ಮೋಸ ಮಾಡಿದ್ದಾರೆ ಎಂದು ತೀರ್ಮಾನಿಸಿದೆ.

ಅರವತ್ತೊಂದು ವರ್ಷದ ಮೈಸೂರಿನ ಹೆಂಗಸಿಗೆ ಸ್ಪೀಡ್‌ವೇ ರೇಸಿನಲ್ಲಿ ಏನು ಕೆಲಸ ಎಂದು ನಮ್ಮ ಕನ್ನಡದ ಆಂಟಿಯರೆಲ್ಲ ಕೇಳಿ ಆಗಿದೆ. ನ್ಯೂಜೆರ್ಸಿಯ ಫೋರ್ಟ್ ಲೀಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ನಮ್ಮದೇ ಹದಿನಾಲ್ಕನೇ ಮಹಡಿಯಲ್ಲಿ, ಯಾನೆಕ್ ಎಂಬ ಪೋಲೆಂಡಿನ ಮುದುಕ ಇದ್ದಾನೆ. ಎಪ್ಪತ್ತೊಂಬತ್ತು ವರ್ಷ. ಪ್ರಾಯದಲ್ಲಿ ಸ್ಪೀಡ್‌ವೇ ಓಡಿಸಿದವನು. ಅವನ ಊರಿನಲ್ಲಿ ಭಾನುವಾರ ಚರ್ಚಿನಿಂದ ಹೊರಟ ಜನ ನೇರವಾಗಿ ಟ್ರ್ಯಾಕಿಗೆ ಬರುತ್ತಿದ್ದರಂತೆ. ಇಲ್ಲಿ ಎರಡು ಗಂಟೆ ಡ್ರೈವ್ ಮಾಡಿದರೆ, ನ್ಯೂಯಾರ್ಕ್ ರಾಜ್ಯದ ಒಳಗೆ, ಹೊಲಗಳ ನಡುವೆ ಒಂದು ಸಣ್ಣ ಮಣ್ಣಿನ ಟ್ರ್ಯಾಕ್ ಸಿಗುತ್ತದೆ. ಮಡಚುವ ಕುರ್ಚಿ ತಂದು ಕೂರುವ ಕೆಲವೇ ನೂರು ಜನ ಅದರ ಅಭಿಮಾನಿಗಳು. ಯಾನೆಕ್ ಕಾರು ಓಡಿಸುವುದನ್ನು ಬಿಟ್ಟಿದ್ದ. ಒಂದು ಶನಿವಾರ ಕರೆದುಕೊಂಡು ಹೋದೆ. ಆಮೇಲೆ ಆರು ವರ್ಷ ಬಿಡದೆ ಹೋದೆ.

ಆ ಬೈಕ್‌ಗೆ ಬ್ರೇಕ್ ಇರುವುದಿಲ್ಲ. ಗೇರ್ ಒಂದೇ. ಒಂದು ಹೀಟ್, ಅಂದರೆ ಒಂದು ಓಟಕ್ಕೆ ನಾಲ್ವರು, ನಾಲ್ಕು ಸುತ್ತು, ಎಲ್ಲ ತಿರುವೂ ಎಡಕ್ಕೆ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಎಡಗಾಲಿನ ಬೂಟಿಗೆ ಕಟ್ಟಿದ ಉಕ್ಕಿನ ಅಟ್ಟೆಯನ್ನು ನೆಲಕ್ಕೆ ಉಜ್ಜುತ್ತಾ ಹೋಗುತ್ತಾರೆ. ಸುಮಾರು ನೂರು ವರ್ಷದಿಂದ ಹೀಗೇ ಓಡಿಸುತ್ತಿದ್ದಾರೆ, ಹೀಗೇ ಬೀಳುತ್ತಿದ್ದಾರೆ. ಯಾನೆಕ್‌ನ ಎರಡೂ ಹೆಗಲೆಲುಬು ಸೊಟ್ಟಗೆ ಕೂಡಿಕೊಂಡಿವೆ. ಅವನ ಕಾಲದಲ್ಲಿ ಸುತ್ತ ಮರದ ಹಲಗೆಯ ಬೇಲಿ ಇತ್ತು. ಅದಕ್ಕೆ ಗುದ್ದಿದ ಇಬ್ಬರು ಗೆಳೆಯರು ಮತ್ತೆ ಏಳಲಿಲ್ಲ.

ನನ್ನನ್ನು ಹಿಡಿದಿಟ್ಟದ್ದು ಅಪಾಯವಲ್ಲ, ಕಾರ್ಡ್. ಪ್ರತಿ ಹೀಟ್‌ನಲ್ಲೂ ಯಾರು ಎಷ್ಟನೆಯವರಾದರು ಎಂದು ಅಭಿಮಾನಿಗಳು ಪೆನ್ನಿನಲ್ಲಿ ತಾವೇ ತುಂಬಿಕೊಳ್ಳುವುದು ಈ ಆಟದ ಪದ್ಧತಿ. ಮಾರಿಸ್‌ಟೌನ್‌ನಲ್ಲಿ ಔಷಧಿ ಲ್ಯಾಬೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಬೇರೆಯವರ ರೀಡಿಂಗ್ ತಪ್ಪೇ ಸರಿಯೇ ಎಂದು ನೋಡುವುದು ನನ್ನ ಉದ್ಯೋಗ. ನನ್ನ ಕಾರ್ಡ್ ತಪ್ಪುತ್ತಿರಲಿಲ್ಲ. ನಮ್ಮ ಸಾಲಿನ ಮುದುಕರೆಲ್ಲ ಅದನ್ನು ನೋಡಿಯೇ ತಮ್ಮದನ್ನು ತಿದ್ದಿಕೊಳ್ಳುತ್ತಿದ್ದರು.

ಅದೇ ಮುಳುವಾಯಿತು.

ಮೈಕಿನಲ್ಲಿ ಎರಡನೆಯವನಿಗೆ, ಮೂರನೆಯವನಿಗೆ ಅಂಕ ಘೋಷಿಸಿದರು. ನಾನು ಎದ್ದು ನಿಂತೆ. ಆಗಷ್ಟೇ ಕಾಫಿ ಹಿಡಿದುಕೊಂಡು ಬಂದಿದ್ದ ಯಾನೆಕ್ ನನ್ನ ಕಾರ್ಡ್ ನೋಡಿ, ತಾನು ಕಾಣದ ಹೀಟ್‌ಗೆ ತಾನೂ ಸಾಕ್ಷಿಯಾದ. ಹಿಂದಿನ ಕುರ್ಚಿಯವರಿಬ್ಬರು ತಮ್ಮ ಕಾರ್ಡಿನಲ್ಲಿ ಬರೆದದ್ದನ್ನು ಹೊಡೆದುಹಾಕಿ ನನ್ನದನ್ನು ಬರೆದುಕೊಂಡರು. ನಾಲ್ವರೂ ರೆಫರಿಯ ಹತ್ತಿರ ಹೋದೆವು.

ಪಾಪ, ಅವನು ಸಮಾಧಾನದಿಂದ ಹೇಳಿದ. "ಮ್ಯಾಮ್, ನಾಲ್ವರೂ ಗೆರೆ ದಾಟಿದರು. ನಾನು ಗೆರೆಯ ನೇರಕ್ಕೇ ನಿಂತಿದ್ದೆ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಒಂದು ಗಂಟೆ ವಾದಿಸಿದೆ. ರೇಸುಗಳ ನಡುವೆ ಅವನು ಬಿಡುವಾದಾಗಲೆಲ್ಲ ಹೋಗಿ ನಿಂತೆ. ಒಮ್ಮೆ ಅವನ ಮುಖವನ್ನೇ ದಿಟ್ಟಿಸಿ ಮಾತಾಡುತ್ತಿದ್ದೆ.

ಆ ಮುಖದಲ್ಲಿ ಒಂದೇ ಕಣ್ಣಿತ್ತು.

ಕನ್ನಡಕ ತೆಗೆದು ಸೆರಗಿಲ್ಲದ ಅಂಗಿಯ ಅಂಚಿಗೆ ಒರೆಸಿಕೊಂಡೆ. ಮತ್ತೆ ಜಗಳಕ್ಕೆ ನಿಂತೆ. ಆಮೇಲೆ ಯಾನೆಕ್‌ನನ್ನು ಕೂರಿಸಿಕೊಂಡು ನಾನೇ ಕಾರು ಓಡಿಸಿ ಮನೆಗೆ ಬಂದೆ.

ರೋಗ ಪತ್ತೆ ಮಾಡಿದ್ದು ನನ್ನ ಗಂಡ ನಾಗರಾಜ್, ಊಟದ ತಟ್ಟೆಯಲ್ಲಿ. ಎಷ್ಟು ವರ್ಷ ಅಮೆರಿಕದಲ್ಲಿದ್ದರೂ ಅವರು ಸ್ಟೀಲಿನ ತಟ್ಟೆಗೂ ಬಾಳೆಲೆಯ ಕ್ರಮದಲ್ಲೇ ಬಡಿಸುತ್ತಾರೆ. ಉಪ್ಪು, ಉಪ್ಪಿನಕಾಯಿ ಎಡಗಡೆಯ ತುದಿಗೆ.

"ರೀ, ಉಪ್ಪಿನಕಾಯಿ ಯಾಕೆ ಹಾಕಿಲ್ಲ?" ಎಂದೆ.

"ಹಾಕಿದೀನಲ್ಲ."

"ಎಲ್ಲಿ ಹಾಕಿದೀರಿ? ನಾನೇನು ಸುಳ್ಳು ಹೇಳ್ತಿದೀನಾ?"

ಅವರು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು.

ಉಪ್ಪಿನಕಾಯಿ ಬಂತು. ಪಲ್ಯ ಹೋಯಿತು.

"ವತ್ಸಲಾ, ಊಟ ಬಿಡು, ಕೈ ತೊಳ್ಕೋ," ಎಂದರು. ಆಗಲೇ ಫೋನ್ ಕೈಯಲ್ಲಿತ್ತು.

ಎಮರ್ಜೆನ್ಸಿಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದರು. ಸ್ಟ್ರೋಕ್ ಎಂದರು. ಮಿದುಳಿನ ಹಿಂಭಾಗದಲ್ಲಿ, ಬಲಗಡೆ. ಕೈಕಾಲು ಬಿದ್ದಿಲ್ಲ, ಬಾಯಿ ಸೊಟ್ಟಗಾಗಿಲ್ಲ, ಮಾತಿಗಂತೂ ಏನೂ ಆಗಿಲ್ಲ. ಎರಡೂ ಕಣ್ಣಿನಲ್ಲಿ ಎಡ ಅರ್ಧ ಹೋಗಿತ್ತು. ನಾನು ಏನನ್ನು ನೇರವಾಗಿ ನೋಡುತ್ತೇನೋ ಅದರ ಎಡಕ್ಕಿರುವುದು ನನಗಿಲ್ಲ. ಕತ್ತಲೆಯೂ ಅಲ್ಲ, ಸುಮ್ಮನೆ ಇಲ್ಲ. ಈಚೆ ಬದಿಯಲ್ಲಿ ಬೈಕ್‌ಗಳು ಎಡದಿಂದ ಬಲಕ್ಕೆ ಓಡುತ್ತವೆ. ಮೊದಲನೆಯವನ ಮೇಲೆ ಕಣ್ಣಿಟ್ಟರೆ ಅವನ ಹಿಂದಿನವರೆಲ್ಲ ಎಡಕ್ಕೆ ಬೀಳುತ್ತಾರೆ. ಮೋಸ ಮಾಡಿದವರು ಯಾರೂ ಇರಲಿಲ್ಲ.

ಡಾಕ್ಟರ್ ಕೇಳಿದ ಮುಖ್ಯ ಪ್ರಶ್ನೆ ಒಂದೇ. "ಕೊನೆಯ ಬಾರಿ ನೀವು ಸರಿಯಾಗಿದ್ದದ್ದು ಯಾವಾಗ?"

ಬ್ಯಾಗಿನಿಂದ ಕಾರ್ಡ್ ತೆಗೆದುಕೊಟ್ಟೆ. ಪ್ರತಿ ಹೀಟ್‌ನ ಪಕ್ಕ ಸಮಯ ಬರೆಯುವುದು ಲ್ಯಾಬಿನ ಚಾಳಿ. ಏಳನೆಯದರವರೆಗೆ ಸರಿ ಇತ್ತು. ಅವರು ಗಡಿಯಾರ ನೋಡಿದರು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದನ್ನು ಕೊಡುವ ಹೊತ್ತು ಮೀರಿದೆ ಎಂದರು.

ಆ ಹೊತ್ತನ್ನು ನಾನು ರೆಫರಿಯ ಜೊತೆ ಜಗಳದಲ್ಲಿ ಕಳೆದಿದ್ದೆ.

ಇದನ್ನು ಬರೆಯುವಾಗಲೂ ಹಲ್ಲು ಕಚ್ಚುತ್ತೇನೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಮಾಡಿದ್ದುಣ್ಣೋ ಮಹಾರಾಯ. ತಪ್ಪು ಹುಡುಕುವುದೇ ಉದ್ಯೋಗವಾದವಳಿಗೆ ತನ್ನ ತಪ್ಪು ಕಾಣದೆ ಹೋಯಿತು. ಹೃದಯದ ಬಡಿತ ಏರುಪೇರಾಗಿ ಗಡ್ಡೆ ಕಟ್ಟಿತ್ತು ಎಂದು ಆಮೇಲೆ ಗೊತ್ತಾಯಿತು. ಬ್ಲಡ್ ಥಿನ್ನರ್ ಬರೆದುಕೊಟ್ಟರು. ಮನೆಗೆ ಕಳಿಸುವಾಗ ಒಂದು ಮಾತು ಹೇಳಿದರು: ಇನ್ನು ಕಾರು ಓಡಿಸುವ ಹಾಗಿಲ್ಲ.

ಸಾಯುವ ಭಯಕ್ಕಿಂತ ಆ ಮಾತು ಹೆಚ್ಚು ತಾಗಿತು. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಕಾರಿಲ್ಲದೆ ನ್ಯೂಜೆರ್ಸಿಯಲ್ಲಿ ಬದುಕುವುದೆಂದರೆ ಏನೆಂದು ಕಾರಿದ್ದವರಿಗೆ ಗೊತ್ತಾಗುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಮುಟ್ಟುತ್ತಿದ್ದ ಆಫೀಸಿಗೆ ಈಗ ಎರಡು ಗಂಟೆಗೂ ಹೆಚ್ಚು. ಬಸ್ಸು, ಸೀಕಾಕಸ್‌ನಲ್ಲಿ ಟ್ರೈನ್, ಇಳಿದ ಮೇಲೆ ಊಬರ್. ಸೀಕಾಕಸ್ ಸ್ಟೇಷನ್ನಿನಲ್ಲಿ ಓಡುವ ಜನ ನನ್ನ ಎಡದಿಂದ ಹುಟ್ಟಿಕೊಂಡು ಮೈಮೇಲೆ ಬೀಳುತ್ತಾರೆ. "ಸಾರಿ, ಸಾರಿ" ಎಂದು ಎಲ್ಲರಿಗೂ ನಾನೇ ಹೇಳಬೇಕು. ಪುಸ್ತಕದಲ್ಲಿ ಸಾಲಿನ ಮೊದಲ ಪದ ಕಾಣುವುದಿಲ್ಲ. ಥೆರಪಿಸ್ಟ್ ಪುಟದ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಟೇಪ್ ಕಾಣುವವರೆಗೆ ತಲೆ ತಿರುಗಿಸು ಎಂದಳು. ಒಂದನೇ ಕ್ಲಾಸಿನ ಮಗುವಿಗೆ ಹೇಳುವ ಧ್ವನಿಯಲ್ಲಿ "ಗುಡ್ ಜಾಬ್" ಎಂದಳು. ಅವಳ ಒಳ್ಳೆಯತನವೇ ನನಗೆ ಮೈ ಉರಿಸುತ್ತಿತ್ತು.

ನಾಗರಾಜ್ ಎಲ್ಲಿ ಹೋದರೂ ನನ್ನ ಎಡಕ್ಕೇ ನಡೆಯತೊಡಗಿದರು. ಹಾಗೆ ನಡೆದರೆ ಅವರೇ ನನಗೆ ಕಾಣುವುದಿಲ್ಲ. ಪಕ್ಕದಲ್ಲಿ ಕೆಮ್ಮು ಕೇಳಿದಾಗಲೆಲ್ಲ ಬೆಚ್ಚುತ್ತಿದ್ದೆ.

"ನಾನೇನು ಕುರುಡಿ ಅಲ್ಲ ರೀ," ಎಂದು ಅಂಗಡಿಯ ಮಧ್ಯೆ ಕಿರುಚಿದೆ.

"ಅಲ್ಲ ಕಣೇ. ಅರ್ಧ," ಎಂದರು. ತಮಾಷೆ ಮಾಡಿದ್ದಲ್ಲ, ಅವರಿಗೆ ಸುಸ್ತಾಗಿತ್ತು.

ಮಗಳು ಅನುಷಾ ವಾರಕ್ಕೆ ಎರಡು ಸಲ ಬರುತ್ತಿದ್ದಳು. ಕಾರಿನ ಕೀಲಿಯನ್ನು ಅವಳೇ ತೆಗೆದುಕೊಂಡು ಹೋಗಿದ್ದಳು.

"ಆರು ತಿಂಗಳಿಗೆ ಇನ್ನೊಂದು ಟೆಸ್ಟ್ ಇದೆ. ಪಾಸಾದ್ರೆ ಕೀಲಿ ಕೊಡು," ಎಂದೆ.

"ಅಮ್ಮಾ, ಯು ಕುಡ್ ಹ್ಯಾವ್ ಕಿಲ್ಡ್ ಸಮ್‌ಬಡಿ ದಟ್ ಡೇ."

"ಕೊಂದಿಲ್ಲವಲ್ಲ. ಎರಡು ಗಂಟೆ ಓಡಿಸ್ಕೊಂಡು ಬಂದೆ. ಒಂದು ಗೀರೂ ಆಗಿಲ್ಲ."

ಇದೇ ನನ್ನ ಅಸ್ತ್ರವಾಗಿತ್ತು. ಡಾಕ್ಟರಿಗೆ, ಥೆರಪಿಸ್ಟ್‌ಗೆ, ಗಂಡನಿಗೆ, ಎಲ್ಲರಿಗೂ ಇದನ್ನೇ ಹೇಳಿದೆ.

ಫೆಬ್ರವರಿಯಲ್ಲಿ, ಕಣ್ಣಿಗೆ ಎಷ್ಟು ಅಗಲ ಕಾಣುತ್ತದೆ ಎಂದು ಅಳೆಯುವ ಫೀಲ್ಡ್ ಟೆಸ್ಟ್ ಆಯಿತು. ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಡುವೆ ಬಹಳ ಹೊತ್ತು ಒಂದು ಚುಕ್ಕಿಯೂ ಬರಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಕೇಳಿದೆ. ಕೆಟ್ಟಿರಲಿಲ್ಲ. ಹಾಳೆಯಲ್ಲಿ ಎಡ ಅರ್ಧ ಪೂರ್ತಿ ಕಪ್ಪು. ಡಾಕ್ಟರ್ ಆದರೂ ಒಂದು ಕಿಂಡಿ ಬಿಟ್ಟರು. ತಲೆ ತಿರುಗಿಸುವ ಅಭ್ಯಾಸ ಚೆನ್ನಾಗಿ ಆಗಿದೆ, ಬೇಕೆಂದರೆ ಸ್ಪೆಷಲಿಸ್ಟ್ ಪಕ್ಕದಲ್ಲಿ ಕೂತು ರಸ್ತೆಯಲ್ಲಿ ಪರೀಕ್ಷೆ ಮಾಡುತ್ತಾರೆ, ಬರೆದುಕೊಡುತ್ತೇನೆ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು.

ಆಸೆ ಇಟ್ಟುಕೊಂಡೆ. ಆ ಕಾಗದ ಹಿಡಿದು ಯಾನೆಕ್‌ನ ಮನೆಗೆ ಹೋದೆ. ನಾನು ಕಾರು ಓಡಿಸಿದರೆ ಅವನಿಗೆ ರೇಸಿನ ಸೀಸನ್ ಉಂಟು, ಇಲ್ಲದಿದ್ದರೆ ಇಲ್ಲ. ಖುಷಿಪಡುತ್ತಾನೆ ಎಂದುಕೊಂಡಿದ್ದೆ.

ಅವನು ಕಾಗದವನ್ನು ಎರಡು ಸಲ ಓದಿದ. ಕನ್ನಡಕ ತೆಗೆದ.

"ಆವತ್ತು ಬರುವಾಗ ಕೌಂಟಿ ರಸ್ತೆಯಲ್ಲಿ ನಾನು ಜಿಂಕೆ, ಜಿಂಕೆ ಎಂದು ಕೂಗಿ ಸ್ಟೀರಿಂಗ್ ಎಳೆದೆ. ನೆನಪಿದೆಯಾ?"

ನೆನಪಾಯಿತು. ಎರಡು ಸಲ ಎಳೆದಿದ್ದ. ಎರಡನೆಯ ಸಲ ನಾನು ಬೈದಿದ್ದೆ.

"ಜಿಂಕೆ ಇರಲಿಲ್ಲ," ಎಂದ ಯಾನೆಕ್. "ಮೊದಲನೆಯದು ಹಾಲಿನ ಟ್ಯಾಂಕರ್. ಎರಡನೆಯದು ಒಂದು ವ್ಯಾನ್. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ನೀನು ನಡುಗೆರೆ ದಾಟಿ ಅವರ ಕಡೆಗೇ ಹೋಗುತ್ತಿದ್ದೆ."

ಇಲ್ಲಿ ಓಡಿಸುವುದು ರಸ್ತೆಯ ಬಲಕ್ಕೆ, ಎದುರಿನ ಗಾಡಿಗಳೆಲ್ಲ ಬರುವುದು ಎಡದಲ್ಲಿ. "ಯಾಕೆ ಹೇಳಲಿಲ್ಲ? ಗಾಡಿ ನಿಲ್ಲಿಸು ಅಂತ ಯಾಕೆ ಹೇಳಲಿಲ್ಲ?"

"ರೇಸಿನಲ್ಲಿ ಸೋತು ಸಿಟ್ಟಾದವನಿಗೆ ಯಾರೂ ಏನೂ ಹೇಳುವುದಿಲ್ಲ. ಬೈಕ್ ಸರಿಮಾಡಿಕೊಳ್ಳುವ ಪಿಟ್‌ನಲ್ಲಿ ಅದು ನಮ್ಮ ಪದ್ಧತಿ. ನೋವಾಗಿದೆಯಾ ಎಂದು ಕೇಳುವುದಿಲ್ಲ, ಕೇಳಿದರೂ ಅವನು ಇಲ್ಲ ಎನ್ನುತ್ತಾನೆ. ನಿನಗೂ ಬರೀ ಸಿಟ್ಟು ಎಂದುಕೊಂಡೆ." ಮತ್ತೆ ಹೇಳಿದ. "ಬೇಲಿಗೆ ಗುದ್ದಿದ ಆ ಗೆಳೆಯರಿಬ್ಬರಿಗೂ ನಾನು ಹೀಗೇ ಏನೂ ಹೇಳಿರಲಿಲ್ಲ. ಆರು ತಿಂಗಳಿಂದ ನಿನ್ನ ಬಾಗಿಲವರೆಗೆ ಬಂದು ವಾಪಸ್ ಹೋಗಿದ್ದೇನೆ."

ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ಎದ್ದು ಬಂದೆ. ಎರಡು ದಿನ ಅವನ ಬಾಗಿಲ ಮುಂದೆ ಹಾಯಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಆ ವ್ಯಾನ್ ಬರುತ್ತಿತ್ತು. ನಾನು ನೋಡಿಯೇ ಇರದ ವ್ಯಾನ್. ಅದರೊಳಗಿನ ಮಕ್ಕಳು ಈಗ ಎಲ್ಲೋ ಸ್ಕೂಲಿಗೆ ಹೋಗುತ್ತಿರಬಹುದು. ತಮ್ಮ ಎದುರಿಗೆ ಆ ಸಂಜೆ ಏನು ಬಂದಿತ್ತು ಎಂದು ಅವರಿಗೆ ತಿಳಿಯದು.

ಮೂರನೆಯ ದಿನ ರಸ್ತೆ ಪರೀಕ್ಷೆಯ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ. ಲೈಸೆನ್ಸ್ ವಾಪಸ್ ಕೊಟ್ಟು ಬರೀ ಗುರುತಿನ ಚೀಟಿ ತೆಗೆದುಕೊಳ್ಳಲು ನಾಗರಾಜ್ ಜೊತೆ ಮೋಟಾರ್ ವೆಹಿಕಲ್ ಆಫೀಸಿಗೆ ಹೋದೆ. ಕೌಂಟರಿನ ಹೆಂಗಸು ತಲೆ ಎತ್ತದೆ ಕಾರಣ ಕೇಳಿದಳು.

"ಮೆಡಿಕಲ್ ರೀಸನ್ಸ್," ಎಂದು ನಾಗರಾಜ್ ಬಾಯಿ ತೆಗೆದರು. ಅವರ ಕೈ ಹಿಡಿದು ನಿಲ್ಲಿಸಿದೆ.

"ಎಡಗಡೆಯಲ್ಲಿ ಎದುರಿಗೆ ಬರುವ ಗಾಡಿ ನನಗೆ ಕಾಣುವುದಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆರು ತಿಂಗಳಲ್ಲಿ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಳು ಬಂತು. ತಡೆಯಲಿಲ್ಲ.

ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಟಿಶ್ಯೂ ಡಬ್ಬಿಯನ್ನು ನನ್ನ ಬಲಗಡೆಗೆ ಸರಿಸಿದಳು.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ನಾಗರಾಜ್ ಎಂಜಿನ್ ಶುರು ಮಾಡಲಿಲ್ಲ. ಆ ಟ್ರ್ಯಾಕಿನ ಗದ್ದಲ ಅವರಿಗೆ ಆಗದು. ಆರು ವರ್ಷದಲ್ಲಿ ಒಂದು ಸಲವೂ ಬಂದವರಲ್ಲ.

"ಏಪ್ರಿಲ್‌ನಲ್ಲಿ ಶುರು ಅಲ್ವಾ ನಿಮ್ಮ ರೇಸು? ನಾನು ಕರ್ಕೊಂಡು ಹೋಗ್ತೀನಿ, ಆ ಮುದುಕನ್ನೂ ಕೂರಿಸ್ಕೊಂಡು," ಎಂದರು. "ಆದ್ರೆ ಒಂದು ಮಾತು. ಪಕ್ಕದಲ್ಲಿ ಕೂತು ಡ್ರೈವಿಂಗ್ ಹೇಳ್ಕೊಡಬಾರದು. ಸುಮ್ನೆ ಕೂತಿರಬೇಕು."

"ಇಲ್ಲ ರೀ," ಎಂದೆ. "ನೀವು ಗೆರೆ ದಾಟಿದ್ರೆ ನಾನು ಕೂಗ್ತೀನಿ. ಯಾನೆಕ್‌ಗೂ ಕೂಗೋಕೆ ಹೇಳ್ತೀನಿ."