‘ತಗದ್ರ ಯಾರು ಅಳ್ತಾರ?’: ಗಲಗಲಿ ಸರ್ ಅವರ ವಹಿ

ಕೃಷ್ಣೆಯ ದಂಡೆಯ ನೇಕಾರರ ಊರುಗಳಿಗೆ ಕಂಪ್ಯೂಟರು ತಂದುಕೊಟ್ಟವರು ಹಲವರಿದ್ದಾರೆ, ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡವರೂ ಇದ್ದಾರೆ. ತಂದಿಟ್ಟ ಕಂಪ್ಯೂಟರು ನಾಲ್ಕೇ ವರ್ಷಕ್ಕೆ ಮುದಿಯಾದಾಗ ಅದರ ಕೈ ಬಿಡದೆ ನಿಂತವರು ಶ್ರೀ ರಘೂತ್ತಮ ವೇದವ್ಯಾಸ ಗಲಗಲಿಯವರು. ಬನಹಟ್ಟಿಯ ನಮ್ಮ ನೇಕಾರಿಕೆ ತರಬೇತಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಬೋಧಕರಾಗಿ ಸೇವೆ ಸಲ್ಲಿಸಿ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಜಮಖಂಡಿಯಿಂದ ಮುಧೋಳದವರೆಗೆ, ತೇರದಾಳದಿಂದ ಬೀಳಗಿಯವರೆಗೆ ಎಲ್ಲರೂ ‘ಗಲಗಲಿ ಸರ್’ ಎಂದೇ ಕರೆಯುತ್ತಾರೆ. ಅವರ ವಿದ್ವತ್ತನ್ನು ಕುರಿತು ಈ ಗ್ರಂಥದಲ್ಲಿ ಹಿರಿಯರು ಬರೆದಿದ್ದಾರೆ. ನಾನು ಬರೆಯುತ್ತಿರುವುದು ಅವರು ಮಾಡಿದ ಒಂದು ತಪ್ಪನ್ನು ಕುರಿತು. ಅಭಿನಂದನ ಗ್ರಂಥದಲ್ಲಿ ತಪ್ಪಿಗೇನು ಕೆಲಸ ಎಂದು ಯಾರಾದರೂ ಹುಬ್ಬೇರಿಸಿದರೆ, ಸರ್ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆಂದು ವಿನಯದಿಂದ ತಿಳಿಸುತ್ತೇನೆ.

ನಾನು ಆ ಕೇಂದ್ರಕ್ಕೆ ವಿದ್ಯಾರ್ಥಿನಿಯಾಗಿ ಸೇರಿದ್ದು ೨೦೦೯ರಲ್ಲಿ. ಪವರ್‌ಲೂಮಿನ ಸದ್ದಿನಲ್ಲಿ ಬೆಳೆದವಳಾದ್ದರಿಂದ ಮಾತು ಜೋರು, ಆದರೆ ಕಂಪ್ಯೂಟರಿನ ಮುಂದೆ ಕೂತ ಮೊದಲ ದಿನ ಮೌಸ್ ಮುಟ್ಟಲಿಕ್ಕೂ ಧೈರ್ಯವಾಗದೆ ಕೈ ಮಡಚಿಕೊಂಡು ಕೂತಿದ್ದೆ. ಸರ್ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತು, “ಮುಟ್ಟವಾ. ಒಡದ್ರ ನಂದು, ಕಲತ್ರ ನಿಂದು” ಎಂದರು. ಇಂಥ ಮಾತನ್ನು ಬಹಳ ಮಂದಿ ಆಡುತ್ತಾರೆ. ಒಡೆದ ದಿನವೂ ಅದೇ ಮಾತಿಗೆ ನಿಲ್ಲುವವರು ಕಡಿಮೆ. ಸರ್ ನಿಂತದ್ದನ್ನು ಕಣ್ಣಾರೆ ಕಂಡವಳು ನಾನು, ಅದಕ್ಕೇ ಈ ಲೇಖನ.

ಕಲಿತು ಮುಗಿಸಿ, ೨೦೧೬ರಲ್ಲಿ ಅದೇ ಕೇಂದ್ರದಲ್ಲಿ ತಾತ್ಕಾಲಿಕ ಬೋಧಕಿಯಾಗಿ ಅವರ ಕೈಕೆಳಗೆ ಸೇರಿಕೊಂಡೆ. ಹೆಣ್ಣುಮಕ್ಕಳ ಸೀರೆ ವಿನ್ಯಾಸದ ತರಗತಿ ನನ್ನ ಪಾಲಿಗೆ ಬಂತು. ಹದಿನೆಂಟು ಜನ ನೇಕಾರ ಹೆಣ್ಣುಮಕ್ಕಳು ಸೀರೆಯಂಚಿನ ದಡಿ, ಸೆರಗುಗಳ ಚಿತ್ತಾರವನ್ನು ಪರದೆಯ ಮೇಲೆ ಚೌಕ ಚೌಕವಾಗಿ ತುಂಬುವುದನ್ನು ಕಲಿಯುತ್ತಿದ್ದರು. ಎರಡು ವರ್ಷ ಸುಖವಾಗಿ ನಡೆದ ಮೇಲೆ ಮೇಲಿನಿಂದ ಒಂದು ಪತ್ರ ಬಂತು: ಹೊಸ ಆಪರೇಟಿಂಗ್ ಸಿಸ್ಟಂ ಇಲ್ಲದ ಕೇಂದ್ರಗಳಲ್ಲಿ ವಿನ್ಯಾಸ ತರಗತಿಯನ್ನು ಮುಂದುವರಿಸಲಾಗದು, ಪರಿಶೀಲನೆಗೆ ಸಮಿತಿ ಬರಲಿದೆ, ಅದರ ಎದುರು ಕಂಪ್ಯೂಟರಿನ ವಿನ್ಯಾಸದಿಂದ ನೇಯ್ದ ಬಟ್ಟೆಯ ಮಾದರಿಯನ್ನೂ ಹಾಜರುಪಡಿಸಬೇಕು. ಹೊಸ ಕಂಪ್ಯೂಟರಿನ ಮಾತು ಆ ಪತ್ರದಲ್ಲಿ ಎಲ್ಲೂ ಇರಲಿಲ್ಲ. ನಮ್ಮಲ್ಲಿದ್ದವೋ ದಾನವಾಗಿ ಬಂದ ಪುಟ್ಟ ಯಂತ್ರಗಳು. ಹೊಸ ಸಿಸ್ಟಂ ಹಾಕಿದರೆ ಅದೇ ಹೊಟ್ಟೆ ತುಂಬ ಕೂತುಬಿಡುತ್ತಿತ್ತು, ವಿನ್ಯಾಸದ ಪ್ರೋಗ್ರಾಮಿಗೆ ಕಾಲಿಡಲು ಜಾಗ ಉಳಿಯುತ್ತಿರಲಿಲ್ಲ. ತರಗತಿ ಮುಚ್ಚಿದರೆ ಹದಿನೆಂಟು ಜನರ ಕಲಿಕೆ ನಡುವೆ ನಿಲ್ಲುತ್ತಿತ್ತು, ನನ್ನ ಕೆಲಸವೂ ಹೋಗುತ್ತಿತ್ತು.

ಸರ್ ಪತ್ರವನ್ನು ಎರಡು ಸಲ ಓದಿ, “ಅಂಗಿ ದೊಡ್ಡದಾತಂತ ಮೈ ಬೆಳಸಾಕ ಬರೂದಿಲ್ಲ. ಅಂಗೀನ ಸಣ್ಣದು ಮಾಡೂಣು” ಎಂದರು.

ಹೊಸ ಸಿಸ್ಟಂ ಹಾಕಲು ಬಳಸುವ ಇಡಿಯ ಗಂಟಿಗೆ ‘ಇಮೇಜ್’ ಎನ್ನುತ್ತಾರೆ. ಆ ಗಂಟಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಕಂಪ್ಯೂಟರು ನಮಗೆ ತೋರಿಸುತ್ತದೆ, ಆದರೆ ಪೂರ್ತಿ ತೋರಿಸುವುದಿಲ್ಲ. ಬೀಗರು ಬಂದಾಗ ಪಡಸಾಲೆಯನ್ನಷ್ಟೇ ತೋರಿಸಿ ಅಟ್ಟದ ಬಾಗಿಲು ಹಾಕಿಕೊಳ್ಳುವ ಹಾಗೆ, ಎಷ್ಟೋ ಭಾಗಗಳಿಗೆ ‘ಕಾಣಿಸಬೇಡ’ ಎಂಬ ಗುರುತು ಹಾಕಿ ಒಳಗಿಟ್ಟಿರುತ್ತಾರೆ. ಕಾಣದ್ದನ್ನು ತೆಗೆಯಲಿಕ್ಕೂ ಬರುವುದಿಲ್ಲ. ಸರ್ ಆ ಗುರುತನ್ನು ಅಳಿಸುವ ವಿದ್ಯೆಯನ್ನು ತಾವಾಗಿ ಓದಿ ಕಲಿತು, ಇಮೇಜನ್ನು ಬಿಚ್ಚಿ, ಅಡಗಿದ್ದ ಭಾಗಗಳನ್ನೆಲ್ಲ ಬೆಳಕಿಗೆ ತಂದು ಸಾಲಾಗಿ ನಿಲ್ಲಿಸಿದರು. ಮುನ್ನೂರಕ್ಕೂ ಮಿಕ್ಕಿದ್ದವು.

ಆಮೇಲೆ ಅವರು ತರಿಸಿದ್ದು ಉದ್ದನೆಯದೊಂದು ರೂಲಿನ ವಹಿ. ಪ್ರತಿ ಪುಟಕ್ಕೂ ನಾಲ್ಕು ಮನೆ ಹಾಕಿಸಿದರು: ಭಾಗದ ಹೆಸರು, ಅದರ ಕೆಲಸ, ತೆಗೆದರೆ ಉಳಿಯುವ ಜಾಗ, ಮತ್ತು ನಾಲ್ಕನೆಯದಾಗಿ ‘ತಗದ್ರ ಯಾರು ಅಳ್ತಾರ?’ ಅವರು ಹೇಳುವುದು, ನಾನು ಬರೆಯುವುದು. ಮರಾಠಿ ಅಕ್ಷರಗಳ ಭಾಗಕ್ಕೆ ‘ಮೀರಜದ ವ್ಯಾಪಾರಿಗಳು’ ಎಂದು ಬರೆಸಿ ಉಳಿಸಿದರು. ಪ್ರಿಂಟರಿನ ಭಾಗ ಬಂದಾಗ ನನ್ನ ಮುಖ ನೋಡಿ ‘ಮಧುಮತಿ’ ಎಂದು ಬರೆಸಿದರು, ಏಕೆಂದರೆ ಪ್ರತಿಯೊಂದನ್ನೂ ಕಾಗದದ ಮೇಲೆ ಕಂಡ ಹೊರತು ನನಗೆ ಸಮಾಧಾನವಾಗುವುದಿಲ್ಲ. ಇಸ್ಪೀಟಿನ ಆಟಕ್ಕೆ ಮಾತ್ರ ನಮ್ಮ ಆಫೀಸಿನ ಗುಮಾಸ್ತ ರಾಜಕುಮಾರರ ಹೆಸರು ಹೇಳಿ, ಮುಂದೆ ‘ಅಳಲಿ’ ಎಂದು ಸೇರಿಸಲು ಹೇಳಿದರು. ಎಪ್ಪತ್ತೇಳನೆಯ ಸಾಲು ಫ್ಯಾಕ್ಸ್, ಮೋಡೆಮ್ ಮೊದಲಾದ ಹಳೆಯ ಸಂಪರ್ಕಗಳದು. ಸರ್ ಯೋಚಿಸಲೇ ಇಲ್ಲ. “ಯಾರೂ ಇಲ್ಲ ಅಂತ ಬರಿ. ಈಗ ಫ್ಯಾಕ್ಸ್ ಯಾರ ಕಳಸ್ತಾರವಾ?” ಎಂದರು. ನಾನು ದುಂಡಗೆ ಬರೆದೆ: ಯಾರೂ ಇಲ್ಲ.

ಒಂದೂವರೆ ತಿಂಗಳ ಶ್ರಮಕ್ಕೆ ಫಲ ಸಿಕ್ಕಿತು. ಇಮೇಜು ಅರ್ಧಕ್ಕಿಂತ ಸಣ್ಣದಾಯಿತು. ಒಂದೊಂದೇ ಯಂತ್ರಕ್ಕೆ ಹಾಕುತ್ತ ಬಂದರೆ ಎಲ್ಲವೂ ಸರಾಗವಾಗಿ ಓಡಿದವು, ವಿನ್ಯಾಸದ ಪ್ರೋಗ್ರಾಮು ಕಾಲು ಚಾಚಿಕೊಂಡು ಕೂತಿತು. ನಮ್ಮ ತರಗತಿಯ ಹಿರಿಯ ವಿದ್ಯಾರ್ಥಿನಿ ರಬಕವಿಯ ಮುತ್ತವ್ವ ಅದರಲ್ಲೇ ಕಬ್ಬಿನ ಸೂಲಂಗಿಯ, ಅಂದರೆ ಕಬ್ಬಿನ ಹೂಗೊಂಚಲಿನ, ದಡಿಯನ್ನು ಬಿಡಿಸಿದರು. ಐವತ್ನಾಲ್ಕು ವರ್ಷದ, ನಲವತ್ತು ವರ್ಷ ಕೈಮಗ್ಗಕ್ಕೆ ಕೂತ ಹೆಣ್ಣುಮಗಳು ಪರದೆಯ ಮೇಲೆ ಬಿಡಿಸಿದ ಮೊದಲ ದಡಿ ಅದು. ಸಮಿತಿಯೆದುರು ಅದನ್ನೇ ನೇಯ್ದು ತೋರಿಸುವುದೆಂದು ನಿಶ್ಚಯವಾಯಿತು. ಸಮಿತಿ ಬರುವುದು ಶುಕ್ರವಾರ.

ಸೋಮವಾರ ಸರ್ ಅವರಿಗೆ ಶಿಸ್ತಿನ ಹುಕಿ ಬಂತು. ಜಕಾರ್ಡ್ ಮಗ್ಗ ಚಿತ್ತಾರವನ್ನು ಓದಿಕೊಳ್ಳುವುದು ರಟ್ಟಿನ ಕಾರ್ಡುಗಳ ತೂತಿನಿಂದ. ಆ ತೂತು ಹೊಡೆಯುವ ಮಷಿನ್ನಿಗೆ ಜೋಡಿಸಿದ್ದ ಕಂಪ್ಯೂಟರೊಂದರಲ್ಲಿ ಮಾತ್ರ ಹಳೆಯ ಸಿಸ್ಟಂ ಉಳಿದಿತ್ತು. “ಒಂದಕ್ಕ ಯಾಕ ಪಂಕ್ತಿಭೇದ?” ಎಂದು ಅದಕ್ಕೂ ಹೊಸದನ್ನೇ ಬಡಿಸಿಬಿಟ್ಟರು. ಮಂಗಳವಾರ ಮುತ್ತವ್ವನ ವಿನ್ಯಾಸವನ್ನು ಕಳಿಸಿದರೆ ಮಷಿನ್ನು ಮಿಸುಕಲಿಲ್ಲ. ಕೇಬಲ್ ಬದಲಿಸಿದೆವು, ಕೈ ಮುಗಿದೆವು, ರಾಜಕುಮಾರರು ಒಂದು ಏಟು ಹಾಕಿಯೂ ನೋಡಿದರು. ಸರ್ ಮಾತ್ರ ವಹಿ ತೆಗೆದು ಸಾಲು ಸಾಲಾಗಿ ಬೆರಳಿಟ್ಟುಕೊಂಡು ಬಂದು ಎಪ್ಪತ್ತೇಳರಲ್ಲಿ ನಿಂತರು. ಆ ಹಳೆಯ ಮಷಿನ್ನು ಕಂಪ್ಯೂಟರಿನೊಂದಿಗೆ ಮಾತಾಡುತ್ತಿದ್ದದ್ದೇ ಮೋಡೆಮಿನ ದಾರಿಯಲ್ಲಿ. ಆ ದಾರಿಯನ್ನು ನಾವು ಬುಡಸಮೇತ ಕಿತ್ತಿದ್ದೆವು. ಹಳೆಯ ಸಿಸ್ಟಂ ಅಳಿಸಿಹೋಗಿತ್ತು. ಏನನ್ನೂ ತೆಗೆಯದ ಪೂರ್ತಿ ಇಮೇಜನ್ನು ಹಾಕಿದರೂ ಮಷಿನ್ನಿನ ಪ್ರೋಗ್ರಾಮು ಕೂಡಿಸಲು ಇಚಲಕರಂಜಿಯಿಂದ ಮೆಕ್ಯಾನಿಕ್ ಬರಬೇಕಿತ್ತು, ಅವರು ಶನಿವಾರವಲ್ಲದೆ ಬರುವುದಿಲ್ಲವೆಂದರು.

‘ಯಾರೂ ಇಲ್ಲ’ ಎಂಬ ಅಕ್ಷರ ನನ್ನದಲ್ಲವೇ? “ಸರ್, ಮಷಿನ್ ಕೆಟ್ಟೇತಿ ಅಂತ ಹೇಳಿಬಿಡೂನ್ರಿ. ಹಳೇ ಮಷಿನ್, ಖರೆ ಅಂತಾನ ತಿಳ್ಕೋತಾರ” ಎಂದೆ. ಸರ್ ಸಿಟ್ಟಾಗಲಿಲ್ಲ. “ಮಷಿನ್ ಛಲೋ ಅದ ಮಧುಮತಿ. ಕೆಡಿಸಿದಾಂವ ನಾನು. ಅದರ ಮ್ಯಾಲ ಯಾಕ ಸುಳ್ಳು ಹೇಳೂದು?” ಎಂದರು.

ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿದ ಮುತ್ತವ್ವ ಕೇಳಿದ್ದು ಒಂದೇ ಪ್ರಶ್ನೆ: “ಚಿತ್ರ ಕಾಗದದ ಮ್ಯಾಲ ಬರತೈತೇನ್ರಿ?” ಬರುತ್ತಿತ್ತು, ಪ್ರಿಂಟರಿನ ಭಾಗ ನನ್ನ ಹೆಸರಿನ ಪುಣ್ಯದಿಂದ ಉಳಿದಿತ್ತಲ್ಲ. ಆಕೆ ಮನೆಯ ಅಟ್ಟದಿಂದ ಮಾವನವರ ಕಾಲದ ಕಬ್ಬಿಣದ ಉಳಿ, ತೂತಿನ ಹಲಗೆ, ಮರದ ಕೊಡತಿ ಇಳಿಸಿಕೊಂಡು ಬಂದರು. ಬುಧವಾರ ಬೆಳಗಿನಿಂದ ಕೇಂದ್ರದ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತೆವು. ನಾನು ಕಾಗದದ ಮೇಲಿನ ಚೌಕಗಳನ್ನು ಓದಿ ಹೇಳುವುದು, ಮುತ್ತವ್ವ ಹೊಡೆಯುವುದು, ಸರ್ ಆಕೆಯ ಪಕ್ಕದಲ್ಲಿ ಶಿಷ್ಯರಂತೆ ಕೂತು ಕಲಿಯುವುದು. ಎರಡು ಕಾರ್ಡು ಕೆಡಿಸಿ, ಬೆರಳಿಗೊಂದು ಏಟು ತಿಂದ ಮೇಲೆ ಸರ್ ಕೈಗೆ ಹದ ಸಿಕ್ಕಿತು.

ಗುರುವಾರ ಮಧ್ಯಾಹ್ನ ರಬಕವಿಯ ತಮ್ಮ ಮನೆಯಲ್ಲಿ ಕಾರ್ಡುಗಳನ್ನು ಮಗ್ಗಕ್ಕೆ ಏರಿಸುವ ಮೊದಲು ಮುತ್ತವ್ವ ಹಳೆಯ ಹಾಸಿನ, ಅಂದರೆ ಮಗ್ಗದ ಉದ್ದನೆಯ ಎಳೆಗಳ, ತುದಿಗೆ ಹೊಸ ಹಾಸನ್ನು ಕೆಚ್ಚುತ್ತಿದ್ದರು. ಒಂದೊಂದು ಹಳೆಯ ಎಳೆಯನ್ನೂ ಹಿಡಿದು, ಅದರ ಜೋಡಿಯ ಹೊಸ ಎಳೆಗೆ ಹೊಸೆದು ಕೂಡಿಸುವ ಕೆಲಸ ಅದು. ಸರ್ ಕಣ್ಣು ಕೀಳದೆ ನೋಡುತ್ತಿದ್ದರು. “ಹರಿಯೂಕಿಂತ ಮೊದಲ ಎಳಿ ಎಲ್ಲಿಗೆ ಹೋಗೇತಿ ಅಂತ ಕೈ ಆಡಿಸಿ ನೋಡಬೇಕ್ರಿ ಸರ. ನಾವು ಇಲ್ಲೆ ಕುಂತು ನೋಡಿದ್ರ ಆ ತುದಿ ಕಾಣೂದಿಲ್ಲ” ಎಂದು ಮುತ್ತವ್ವ ತಲೆಯೆತ್ತದೆ ಹೇಳಿದರು. ಸರ್ “ಖರೆ” ಎಂದಷ್ಟೇ ಅಂದರು. ಶುಕ್ರವಾರ ಹೊತ್ತೇರುವುದರೊಳಗೆ ಒಂದು ಮೊಳ ಬಟ್ಟೆಯ ಅಂಚಿನಲ್ಲಿ ಸೂಲಂಗಿ ತೂಗಾಡುತ್ತಿತ್ತು.

ಸಮಿತಿಯ ಮುಖ್ಯಸ್ಥರಾಗಿ ಬಂದವರು ಪರಮಾನಂದ ಎಂಬ ಅಧಿಕಾರಿಗಳು. ಬಟ್ಟೆಯನ್ನು ಮೆಚ್ಚಿದರು. ಕಾರ್ಡುಗಳನ್ನು ಬೆಳಕಿಗೆ ಹಿಡಿದು ನೋಡಿದವರೇ, “ಇವು ಮಷಿನ್ನಿನವಲ್ಲ. ಕಂಪ್ಯೂಟರ್ ಇಟಗೊಂಡು ಕೈಲೆ ಯಾಕ ಹೊಡದ್ರಿ?” ಎಂದರು. ಸರ್ ಎದ್ದು ನಿಂತು ಎಲ್ಲವನ್ನೂ ಒಂದೆಳೆ ಬಿಡದೆ ಹೇಳಿದರು. ಮುಖ್ಯಸ್ಥರು ವಹಿ ತರಿಸಿ ಎಪ್ಪತ್ತೇಳನೆಯ ಸಾಲನ್ನು ಓದಿ, “ಇದು ಯಾರ ಅಕ್ಷರ?” ಎಂದರು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ.

“ಅಕ್ಷರ ಯಾರದರ ಇರಲಿ ಸಾಹೇಬ್ರ, ಹೇಳಿ ಬರಿಸಿದಾಂವ ನಾನು. ಕೇಳಬೇಕಾದವರನ್ನ ಕೇಳದ ಬರಿಸಿದೆ” ಎಂದರು ಸರ್.

ಪರಮಾನಂದರು ಆ ವಹಿಯನ್ನು ಮೊದಲ ಪುಟದಿಂದ ಓದತೊಡಗಿದರು. ‘ಅಳಲಿ’ ಎಂಬಲ್ಲಿಗೆ ಬಂದಾಗ ನಕ್ಕರು, ರಾಜಕುಮಾರರು ಮಾತ್ರ ನಗಲಿಲ್ಲ. ಕೊನೆಗೆ, ತಪ್ಪನ್ನೂ ಅಳಿಸದೆ ಇಟ್ಟ ಲೆಕ್ಕಪತ್ರವನ್ನು ತಾವು ಕಂಡದ್ದು ಇದೇ ಮೊದಲೆಂದು ಹೇಳಿ, ಮೋಡೆಮಿನ ದಾರಿಯನ್ನು ಮರಳಿ ಸೇರಿಸಬೇಕೆಂಬ ಷರತ್ತಿನ ಮೇಲೆ ತರಗತಿಗೆ ಒಪ್ಪಿಗೆ ಬರೆದರು. ಮುತ್ತವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಜೋರಾಗಿಯೇ ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅಂದಿನಿಂದ ಸರ್ ಅವರ ಕೆಲಸದ ರೀತಿ ಬದಲಾಯಿತು. ಅವರು ಸಣ್ಣದು ಮಾಡಿದ ಇಮೇಜನ್ನು ಬೇಡಿ ಸುತ್ತಲಿನ ಊರುಗಳಿಂದ ಜನ ಬರತೊಡಗಿದರು, ಆದರೆ ಯಾರಿಗೂ ಸುಮ್ಮನೆ ಕೊಟ್ಟು ಕಳಿಸಲಿಲ್ಲ. ಬಾಡಗಂಡಿಯ ಕಡೆ ಕಬ್ಬಿನ ಗಾಡಿ ತೂಗುವ ಕಾಟಾದ ಕಂಪ್ಯೂಟರಿಗೆ ಬೇಕೆಂದಾಗ, ಬಸ್ಸು ಹತ್ತಿ ಹೋಗಿ ಅರ್ಧ ದಿನ ಕಾಟಾದ ಪಕ್ಕದಲ್ಲಿ ಕೂತು, ತೂಗುವವರು ಯಾವ ಗುಂಡಿ ಒತ್ತುತ್ತಾರೆ, ಚೀಟಿ ಯಾವ ದಾರಿಯಿಂದ ಹೊರಬರುತ್ತದೆ ಎಂಬುದನ್ನೆಲ್ಲ ನೋಡಿಯೇ ವಹಿ ತೆರೆದರು. ಆ ಕಾಟಾ ಕೂಡ ಅದೇ ಹಳೆಯ ದಾರಿಯಲ್ಲೇ ಮಾತಾಡುತ್ತಿತ್ತು. ಎಪ್ಪತ್ತೇಳನೆಯ ಸಾಲಿನಲ್ಲಿ ಈಗ ‘ಯಾರೂ ಇಲ್ಲ’ ಎಂಬುದಕ್ಕೆ ಅಡ್ಡಗೆರೆ ಬಿದ್ದು ಹನ್ನೊಂದು ಹೆಸರುಗಳಿವೆ, ಮೊದಲನೆಯದು ಮುತ್ತವ್ವನದು.

ಹೋದ ವಾರ ಸರ್ ಆ ವಹಿಯನ್ನು ನನಗೆ ಒಪ್ಪಿಸಿದರು. ಅವರ ಹುದ್ದೆಗೆ ಮತ್ತೊಬ್ಬರು ಬರುವುದಿಲ್ಲವಂತೆ. ಹೊಸ ಪಟ್ಟಿಯಲ್ಲಿ ಆ ಹುದ್ದೆಯೇ ಕಾಣುತ್ತಿಲ್ಲ. ಮನೆಗೆ ತಂದು ಪುಟ ತಿರುವುತ್ತ ಹೋದಾಗ ಕೊನೆಯ ಪುಟದಲ್ಲಿ ಅವರದೇ ಅಕ್ಷರದ ಒಂದು ಸಾಲು ಸಿಕ್ಕಿತು. ಭಾಗದ ಹೆಸರು: ರಘೂತ್ತಮ ಗಲಗಲಿ. ಕೆಲಸ: ಹಿಂದೆ ಕೂತು ನಡೆಸುವುದು. ಉಳಿಯುವ ಜಾಗ: ಒಂದು ಕುರ್ಚಿ. ನಾಲ್ಕನೆಯ ಮನೆಯಲ್ಲಿ: ಯಾರೂ ಇಲ್ಲ.

ನಗೆಯಾಡಲೆಂದೇ ಬರೆದಿದ್ದಾರೆಂದು ಗೊತ್ತು, ಆದರೂ ನನಗೆ ಸಿಟ್ಟು ಬಂತು. ಮರುದಿನ ಮುತ್ತವ್ವನಿಗೆ ಓದಿ ಹೇಳಿದೆ. “ಮತ್ತ ಕೇಳದ ಬರದಾರ ನೋಡವಾ! ಪೆನ್ನ ಕೊಡಿಲ್ಲೆ” ಎಂದವರೇ ತಾವೇ ಅಡ್ಡಗೆರೆ ಎಳೆದು ತಮ್ಮ ಹೆಸರು ಬರೆದರು. ಎರಡನೆಯದು ನನ್ನದು. ಮೂರನೆಯವರಾಗಿ ರಾಜಕುಮಾರರು ಬಂದು, ಇಸ್ಪೀಟಿನ ಮಾತೆತ್ತದೆ ಸಹಿ ಮಾಡಿದರು. ಸುದ್ದಿ ಹಬ್ಬಿ ತೇರದಾಳ, ಮುಧೋಳ, ಬಾಡಗಂಡಿಗಳಿಂದಲೂ ಜನ ಬಂದರು. ಆ ಮನೆ ತುಂಬಿ, ಪುಟ ತುಂಬಿ, ಈಗ ಹಾಳೆಯ ಮೇಲೆ ಹಾಳೆ ಅಂಟಿಸುತ್ತಿದ್ದೇವೆ.

ಸಮಾರಂಭದ ದಿನ ಶಾಲು, ಫಲ ತಾಂಬೂಲಗಳ ಜೊತೆಗೆ ಈ ವಹಿಯನ್ನೂ ಸರ್ ಕೈಗೆ ಮರಳಿ ಇಡಲಿದ್ದೇವೆ. ದೇವರು ಅವರಿಗೆ ತುಂಬು ಆಯುಸ್ಸನ್ನೂ, ಬಸ್ಸು ಹತ್ತಿ ಇಳಿಯುವ ಶಕ್ತಿಯನ್ನೂ ಕೊಡಲಿ. ಅವರ ಕೆಲಸ ಇನ್ನೂ ಮುಗಿದಿಲ್ಲ: ಆ ಹಾಳೆಗಳಲ್ಲಿ ಹೆಸರಿರುವ ಒಬ್ಬೊಬ್ಬರ ಮನೆಗೂ ಹೋಗಿ, ಕೇಳದೆ ಬರೆದದ್ದು ತಪ್ಪಾಯಿತೆಂದು ಅವರು ಹೇಳಿ ಬರಬೇಕಾಗಿದೆ.